ಹದಿನಾಲ್ಕೂವರೆ ಇಂಚು

ಚನ್ನಗಿರಿ
೧೮-೬-೨೦೨೫

ತಮ್ಮ ಪರಶುರಾಮನಿಗೆ ಅಕ್ಕ ಅಂಬಿಕಾಳ ಆಶೀರ್ವಾದ.

ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಟೀಶರ್ಟುಗಳು ತಡವಾದವು, ಬೇಸರ ಮಾಡಿಕೊಳ್ಳಬೇಡ. ಶಾಲೆ ಶುರುವಾಗಿ ಹೊಲಿಯಬೇಕಾದ ಯೂನಿಫಾರ್ಮಿನ ರಾಶಿಯಲ್ಲಿ ಮುಳುಗಿದ್ದೆ. ವಾಟ್ಸಾಪಿನಲ್ಲಿ ಬರೆದರೆ ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತೀ. ಅದಕ್ಕೇ ಈ ಕಾಗದವನ್ನು ಬಟ್ಟೆಯ ಜೊತೆ ಇಟ್ಟಿದ್ದೇನೆ.

ಮೊನ್ನೆ ನ್ಯಾಮತಿಗೆ ಬಂದಾಗ ಬಸ್‌ಸ್ಟ್ಯಾಂಡಿನ ಹತ್ತಿರ ನಿನ್ನ ಜಿಮ್ಮಿನ ಬ್ಯಾನರ್ ನೋಡಿದೆ. 'ಮೂರೇ ತಿಂಗಳಲ್ಲಿ ಹದಿನೇಳು ಇಂಚಿನ ತೋಳು! ಇಂಜೆಕ್ಷನ್ ಇಲ್ಲ, ಔಷಧಿ ಇಲ್ಲ!' ಪಕ್ಕದಲ್ಲಿ ನೀನು, ಉಸಿರು ಬಿಗಿಹಿಡಿದು, ಮೂರು ದಿನದಿಂದ ಹೊಟ್ಟೆ ಕಟ್ಟಿಕೊಂಡವನ ಮುಖ ಮಾಡಿಕೊಂಡು. ಅಲ್ಲೇ ಹೂ ಮಾರುತ್ತಿದ್ದ ಅಜ್ಜಮ್ಮ, "ಯಾರವ್ವ ಅವನು, ಗಂಟಲಾಗೆ ಏನಾರ ಸಿಕ್ಕೈತಾ?" ಅಂದಳು. ನನ್ನ ತಮ್ಮ ಎನ್ನಲು ನಾಚಿಕೆಯಾಗಿ ಒಂದು ಮೊಳ ಹೂ ಕೊಂಡು ಬಂದೆ.

ಅಲ್ಲವೋ, ಊರಿಗೆಲ್ಲ ಟೋಪಿ ಹಾಕಿದ್ದು ಸಾಲದೆ ಅಳತೆ ತೆಗೆಯುವ ಅಕ್ಕನಿಗೂ ಹಾಕುತ್ತೀಯಾ? ನನ್ನ ಅಳತೆ ಪುಸ್ತಕ ಇಲ್ಲೇ ಇದೆ. ನೀನು ಕಬ್ಬಿಣ ಎತ್ತಲು ಶುರು ಮಾಡಿದಾಗ ತೋಳು ಹನ್ನೆರಡೂವರೆ ಇಂಚು. ವರ್ಷದ ಮೇಲೆ ಹದಿಮೂರೂವರೆ. ಎರಡನೇ ವರ್ಷ ಹದಿನಾಲ್ಕು. ಈಗ ನಾಲ್ಕು ವರ್ಷಕ್ಕೆ ಹದಿನಾಲ್ಕೂವರೆ. ಅದೇನು ನಾಚಿಕೆಪಡುವಂಥದ್ದಲ್ಲ, ಮುದ್ದೆ ಮೊಟ್ಟೆ ತಿಂದು ಬೆವರು ಸುರಿಸಿ ಬಂದದ್ದು. ಉಳಿದ ಎರಡೂವರೆ ಇಂಚು ಮಾತ್ರ ನನ್ನ ಹೊಲಿಗೆ ಮಷೀನಿನದು. ರಟ್ಟೆ ದಪ್ಪ ಕಾಣಲಿ, ಟೀಶರ್ಟಿನ ತೋಳು ಬಿಗಿ ಮಾಡು, ಇನ್ನೂ ಬಿಗಿ ಮಾಡು ಎಂದು ಬಟ್ಟೆ ಕಳಿಸುತ್ತಿದ್ದವನು ನೀನೇ ತಾನೇ?

ಇನ್ನು ಜಿಮ್ಮಿಗೆ ಸೇರುವವರಿಗೆ ನೀನು ಬರೆದುಕೊಡುವ ಆ ಕಸರತ್ತಿನ ಚಾರ್ಟು! ಹೊಸಬರಿಗೆ ಬರೀ ತೋಳಿಗೇ ದಿನಕ್ಕೆ ಮೂವತ್ತು ಸೆಟ್ಟು, ಸೆಟ್ಟಿಗೆ ಹತ್ತು ಸಲ ಎತ್ತಬೇಕು. ಯುಗಾದಿಗೆ ಬಂದಾಗ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ನೀನೇ ಹೇಳಿದೆ: "ಮೈಯ ಒಂದೊಂದು ಭಾಗಕ್ಕೆ ವಾರಕ್ಕೆ ಹತ್ತು ಹನ್ನೆಲ್ಡು ಸೆಟ್ ಸಾಕಕ್ಕ, ಮಿಕ್ಕಿದ್ದು ಊಟ, ನಿದ್ದೆ. ಹಂಗಂತ ಹೇಳಿದ್ರೆ ಯಾರು ಬರ್ತಾರೆ?" ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಆ ಚಾರ್ಟನ್ನು ಪಿಯುಸಿ ಓದುವ ನನ್ನ ಮಗ ನಿಂಗರಾಜ ದೇವರ ಫೋಟೋದ ಪಕ್ಕ ಅಂಟಿಸಿದ್ದಾನೆ. ದಿನಕ್ಕೆರಡು ಹೊತ್ತು ಎತ್ತಿ ಎತ್ತಿ ಈಗ ತಲೆ ಬಾಚಲು ಕೈ ಮೇಲೇಳುವುದಿಲ್ಲ. ಸಾಕು ಬಿಡೋ ಅಂದರೆ, "ಮಾವನೇ ಬರ್ದಾನಲ್ಲವ್ವ, ನೋವಾದ್ರೇನೇ ಬೆಳೆಯಾದಂತೆ" ಅನ್ನುತ್ತಾನೆ.

ದೇವರು ನಿನಗೆ ತೋಳಿನಷ್ಟಾದರೂ ಬುದ್ಧಿ ಕೊಡಲಿ.

ನಿನ್ನ ಅಕ್ಕ,
ಅಂಬಿಕಾ

ತಾ.ಕ.: ನಿನ್ನೆ ನಿಂಗರಾಜ ನನ್ನ ಟೇಪು ತಂದು ತೋಳು ಚಾಚಿದ. ಐದು ತಿಂಗಳಿಗೆ ಅರ್ಧ ಇಂಚು ಬಂದಿದೆ, ಮೊದಲ ವರ್ಷ ನಿನಗೆ ಬಂದ ಲೆಕ್ಕದಲ್ಲೇ. ಅವನು ಟೇಪು ಸುತ್ತಿಟ್ಟು, "ಮಾವಂಗೆ ಮೂರೇ ತಿಂಗಳಿಗೆ ಹದಿನೇಳು ಇಂಚು ಬಂತು. ನನ್ನ ಮೈಯೇ ಸರಿ ಇಲ್ಲ ಬಿಡವ್ವ" ಎಂದು ಅತ್ತುಬಿಟ್ಟ. ಆಗ ಮಷೀನಿನ ಮೇಲೆ ನಿನ್ನದೇ ಟೀಶರ್ಟು ಇತ್ತು. ಅದನ್ನು ಮಡಿಲಿಗೆ ಎಳೆದು ಸೆರಗು ಮುಚ್ಚಿದೆನೇ ಹೊರತು ನಿಜ ಹೇಳಲು ನನಗೆ ಬಾಯಿ ಬರಲಿಲ್ಲ, ಪರಶು. ಇಷ್ಟು ಹೊತ್ತು ನಿನ್ನನ್ನು ಬೈದೆ. ಆ ಸುಳ್ಳನ್ನು ಹೊಲಿದವಳು ನಾನು. ನಾಲ್ಕೂ ಟೀಶರ್ಟಿಗೆ ಹಾಕಿದ್ದ ಬಿಗಿ ಹೊಲಿಗೆಯನ್ನು ಬಿಚ್ಚಿ ಕಳಿಸಿದ್ದೇನೆ. ಭಾನುವಾರ ಅದರಲ್ಲೇ ಒಂದು ಹಾಕಿಕೊಂಡು ಬಾ. ನಿನ್ನ ತೋಳನ್ನು ನಿಂಗರಾಜನೇ ಅಳೆಯಲಿ.