ಒಲೆಯ ಬಾಯಿಗೆ ಗಾಜಿನ ದಾರ

ಊರೊಲೆ ಬೀದಿ, ಮಲಪ್ರಭೆಯ ದಂಡೆ
ಎರಡನೆಯ ಬೇಸಿಗೆ, ಹದಿನಾಲ್ಕನೆಯ ತಿಂಗಳ ಒಂಬತ್ತನೆಯ ದಿನ, ಇಸವಿ 2291

ಕಾರ್ಖಾನೆಗೆ ಸೆನ್ಸರ್ ಆರಿಸಲು ಕುಳಿತಿರುವ ಅಣ್ಣನವರಿಗೆ, ಅಥವಾ ಅಕ್ಕನವರಿಗೆ, ಕಸ್ತೂರಿಯ ನಮಸ್ಕಾರ.

ತಾರೀಖು ನೋಡಿ ಇದನ್ನು ಯಾರೋ ತಮಾಷೆಗೆ ಬರೆದಿದ್ದಾರೆ ಅಂದುಕೊಳ್ಳಬೇಡಿ. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ. ಇಷ್ಟು ಬಿಸಿಲಿನಲ್ಲಿ ಉದ್ದನೆಯ ತಿಂಗಳು ದುಡಿಯಲು ಆಗುವುದಿಲ್ಲವೆಂದು ಹಿರಿಯರು ತಿಂಗಳುಗಳನ್ನು ಚಿಕ್ಕದು ಮಾಡಿ ಹದಿನಾಲ್ಕು ಮಾಡಿದರು. ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಾನು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ಈ ಕಾಗದ ನಿಮ್ಮ ಕಾಲಕ್ಕೆ, ಅಷ್ಟು ಹಿಂದಕ್ಕೆ, ಹೇಗೆ ಹೋಗುತ್ತದೋ ನನಗೆ ತಿಳಿಯದು. ಕಳಿಸುವವರು ಹೋಗುತ್ತದೆ ಎಂದಿದ್ದಾರೆ, ನಂಬಿದ್ದೇನೆ. ಎದುರಿಗೆ ಕಾಣುವವರ ಹತ್ತಿರ ಮಾತಾಡಲು ನನಗೆ ನಾಚಿಕೆ. ನೀವು ಕಾಣುವುದಿಲ್ಲ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಮ್ಮ ಊರಿನಲ್ಲಿ ಮನೆಮನೆಗೆ ಒಲೆ ಇಲ್ಲ. ಮನೆಯೊಳಗೆ ಬೆಂಕಿ ಹಚ್ಚಿದರೆ ಒಳಗೆ ಯಾರೂ ಇರಲಾರರು. ಅದಕ್ಕೆ ಬೀದಿಯ ಕೊನೆಯಲ್ಲಿ ಊರೊಲೆ ಎಂಬ ದೊಡ್ಡ ಕಾರ್ಖಾನೆ ಇದೆ. ಜೋಳದ ಹಿಟ್ಟು ಒಂದು ಕಡೆ ಬೀಳುತ್ತದೆ, ಯಂತ್ರ ಅದನ್ನು ನಾದಿ ಬಡಿಯುತ್ತದೆ, ತಂತಿಯ ಪಟ್ಟಿಯ ಮೇಲೆ ರೊಟ್ಟಿಗಳು ಸಾಲಾಗಿ ಒಲೆಯೊಳಗೆ ಹೋಗಿ ಬೆಂದು ಹೊರಬರುತ್ತವೆ. ಬೆಳಿಗ್ಗೆ ಜನ ಸೆರಗಿನಲ್ಲಿ, ಬುಟ್ಟಿಯಲ್ಲಿ ತಮ್ಮ ಪಾಲು ಒಯ್ಯುತ್ತಾರೆ. ದುಡಿದವರಿಗೂ ದುಡಿಯದವರಿಗೂ ರೊಟ್ಟಿ ಸಮ. ಆದರೆ ಊರ ಸಭೆಯಲ್ಲಿ ಮಾತಾಡುವ ಹಕ್ಕು ಊರೊಲೆಯಲ್ಲಿ ನಿಂತು ಕೆಲಸ ಮಾಡುವವರಿಗೆ ಮಾತ್ರ. ಉಳಿದವರು ಕುಳಿತು ಕೇಳಬಹುದು, ಬಾಯಿ ತೆರೆಯುವ ಹಾಗಿಲ್ಲ. ಕೆಲಸ ಮಾಡುವವರೇ ಮಾತಾಡಲಿ ಎಂಬುದು ನಿಮ್ಮ ಕಾಲದಿಂದಲೇ ಬಂದ ರೂಢಿಯಂತೆ.

ರೊಟ್ಟಿ ಹೊರಬರುವ ಒಲೆಯ ಬಾಯಿಯ ಹತ್ತಿರ ಫಕೀರವ್ವ ನಿಲ್ಲುತ್ತಿದ್ದಳು. ಅವಳು ನನ್ನ ಚಿಗವ್ವ, ತಾಯಿಯ ತಂಗಿ. ರೊಟ್ಟಿ ಎಲ್ಲಾದರೂ ಮಡಚಿ ಸಿಕ್ಕಿಕೊಂಡರೆ ಕಾಲಿನಿಂದ ಒತ್ತಿ ಪಟ್ಟಿ ನಿಲ್ಲಿಸುವುದು ಅವಳ ಕೆಲಸ. ನಿಲ್ಲಿಸದಿದ್ದರೆ ರೊಟ್ಟಿ ಹತ್ತಿ ಉರಿಯುತ್ತದೆ. ಹಿಟ್ಟಿನ ಧೂಳು ತುಂಬಿದ ಜಾಗ, ಉರಿ ಹಬ್ಬಲು ತಡವಿಲ್ಲ. ಸಭೆಯಲ್ಲಿ ಅವಳಷ್ಟು ಜೋರಾಗಿ ಮಾತಾಡುವವರು ಬೇರೆ ಇರಲಿಲ್ಲ. ನೀರಿನ ಪಾಳಿ ತಪ್ಪಿದರೆ, ಮುದುಕರ ಪಾಲು ಒಣಗಿ ಬಂದರೆ, ಅವಳೇ ಎದ್ದು ಕೇಳಬೇಕು.

ಈ ಬೇಸಿಗೆಯಲ್ಲಿ ಅವಳು ಒಲೆಯ ಮುಂದೆ ಕುಸಿದು ಬಿದ್ದಳು. ಯಾರಿಗೂ ಹೇಳಬೇಡವೆಂದು ನನ್ನ ಕೈ ಹಿಡಿದಳು, ನಾನು ಹೇಳಲಿಲ್ಲ. ಮತ್ತೊಮ್ಮೆ ಬಿದ್ದಾಗ ಸಿಕ್ಕಿಕೊಂಡ ರೊಟ್ಟಿಗೆ ಬೆಂಕಿ ಹತ್ತಿತು. ಪಕ್ಕದವರು ಓಡಿ ಬಂದು ನಂದಿಸಿದರು. ಆಮೇಲೆ ಊರೊಲೆಯ ಯಜಮಾನ ಮಡಿವಾಳಪ್ಪ ಮಾವ ಅಲ್ಲಿಗೆ ಕಣ್ಣು ಹಾಕಿಸುವುದೆಂದು ತೀರ್ಮಾನಿಸಿದರು. ನೀವು ಸೆನ್ಸರ್ ಅನ್ನುವುದನ್ನು ನಾವು ಕಣ್ಣು ಅನ್ನುತ್ತೇವೆ. ಆರಿಸುವ ಕೆಲಸ ನನಗೆ ಬಂತು, ಏಕೆಂದರೆ ಊರೊಲೆಯ ಕೆಲಸಗಾರರಲ್ಲಿ ಬೆಳಕಿನ ದಾರದ ಕೆಲಸ ಕಲಿತವಳು ನಾನು. ನೀವು ಆಪ್ಟಿಕಲ್ ಫೈಬರ್ ಅನ್ನುವುದೇ ನಮ್ಮ ಬೆಳಕಿನ ದಾರ.

ಧೂಳಿನ ಜಾಗಕ್ಕೆ ವಿದ್ಯುತ್ತಿನ ಕಣ್ಣು ತರುವಂತಿಲ್ಲ, ಒಂದು ಕಿಡಿ ಸಾಕು. ದಾರದಲ್ಲಿ ಬರೀ ಬೆಳಕು ಹರಿಯುತ್ತದೆ, ಬೆಳಕು ಕಳಿಸಿ ಓದುವ ಪೆಟ್ಟಿಗೆಯನ್ನು ದೂರದ ತಂಪು ಕೋಣೆಯಲ್ಲಿ ಇಡಬಹುದು. ಪಟ್ಟಿಯ ಈ ಬದಿಯಿಂದ ಆ ಬದಿಗೆ ಬೆಳಕು ಹಾಯಿಸಿದರೆ, ಸಮನಾಗಿ ಮಲಗಿದ ರೊಟ್ಟಿ ಅದರ ಕೆಳಗೆ ಹಾದುಹೋಗುತ್ತದೆ, ಮಡಚಿ ಎದ್ದು ನಿಂತದ್ದು ಬೆಳಕನ್ನು ತಡೆಯುತ್ತದೆ. ಇಷ್ಟರಲ್ಲಿ ಅನುಮಾನವಿರಲಿಲ್ಲ. ದಾರ ಯಾವುದು ಅನ್ನುವುದೊಂದೇ ಉಳಿದಿತ್ತು. ಪ್ಲಾಸ್ಟಿಕ್ಕಿನ ದಾರ ಬೇಕಾದ ಹಾಗೆ ಬಾಗುತ್ತದೆ, ಬ್ಲೇಡಿನಿಂದ ಕತ್ತರಿಸಬಹುದು, ನಮ್ಮ ಉಗ್ರಾಣದಲ್ಲಿ ಬೇಕಾದಷ್ಟಿದೆ. ಆದರೆ ಒಲೆಯ ಬಿಸಿಗೆ ಮೆತ್ತಗಾಗಿ ಕುರುಡಾಗುತ್ತದೆ. ಉಕ್ಕಿನ ಕವಚ ತೊಟ್ಟ ಗಾಜಿನ ದಾರವನ್ನು ಅಳತೆ ಕೊಟ್ಟು ದೂರದಿಂದ ತರಿಸಬೇಕು, ಹೆಚ್ಚು ಬಾಗಿಸಿದರೆ ಒಳಗೇ ಮುರಿಯುತ್ತದೆ. ಆದರೆ ಬಿಸಿಗೆ ಜಗ್ಗುವುದಿಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಕಣ್ಣು ಆರಿಸುವವರು ಮೊದಲು ಆ ಜಾಗದಲ್ಲಿ ನಿಂತವರ ಮನೆಗೆ ಹೋಗಿ, ಕುಳಿತು, ಯಾವುದನ್ನು ಯಾಕೆ ಹಾಕುತ್ತೇವೆಂದು ಹೇಳಬೇಕು. ನಾನು ಇವತ್ತು ಹೋಗೋಣ, ನಾಳೆ ಹೋಗೋಣ ಎಂದು ಮುಂದೂಡಿದೆ. ಕೊನೆಗೆ ಅವಳೇ ನನ್ನ ಕೋಣೆಗೆ ಬಂದಳು.

"ಏ ಕಸ್ತೂರಿ, ಎಷ್ಟೊತ್ತ ಆ ದಾರಾ ನೋಡ್ಕೋತ ಕುಂದರತೀ? ಅದು ನಿನ್ನ ಕೂಡ ಮಾತಾಡತೈತೇನ?"

ನಾನು ನಕ್ಕೆ. ಅವಳು ನನ್ನ ಪಕ್ಕದಲ್ಲಿ ಕುಳಿತು ದನಿ ಇಳಿಸಿದಳು.

"ಪ್ಲಾಸ್ಟಿಕ್ಕಿಂದ ಹಾಕವಾ. ಬಿಸಿಗಿ ಹಾಳಾಗಿ ಹೋಗತೈತಿ, ಆಮ್ಯಾಲ ನನ್ನ ಕರೀತಾರ. ನಾ ಬಾಯಿ ಮುಚ್ಚಿ ಕುಂತ್ರ ಆ ಸಭಾದಾಗ ಮಡಿವಾಳಪ್ಪನ ಕೆಮ್ಮು ಬಿಟ್ಟು ಏನ್ ಕೇಳಸತೈತಿ? ಹಾಕ್ತೀ ಇಲ್ಲೋ?"

ಆಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಕಣ್ಣು ಯಾವ ಗಳಿಗೆಯಲ್ಲಿ ಕುರುಡಾಗುತ್ತದೋ ಯಾರಿಗೆ ತಿಳಿಯುತ್ತದೆ? ಅವಳನ್ನು ಮತ್ತೆ ಕರೆದರೂ ಅವಳು ಅಲ್ಲೇ ಬೀಳುತ್ತಾಳೆ. ಇದನ್ನೆಲ್ಲ ಹೇಳಬೇಕಿತ್ತು. ಆದರೆ ನಾನು ಹೂಂ ಎಂಬಂತೆ ತಲೆ ಆಡಿಸಿದೆ. ಅವಳು ನನ್ನ ಗಲ್ಲ ಹಿಂಡಿ, ಹಗುರಾಗಿ ಎದ್ದು ಹೋದಳು.

ಮರುದಿನ ಎಲ್ಲರ ಮುಂದೆ ಮಡಿವಾಳಪ್ಪ ಮಾವ ಕೇಳಿದಾಗ ನಾನು ಗಾಜಿನ ದಾರದ ಕಡೆಗೆ ಬೆರಳು ತೋರಿಸಿದೆ.

"ಬಾಯಿಬಿಟ್ಟ ಹೇಳ ತಂಗಿ, ಬೆರಳಿಗೇನ್ ನಾಲಿಗಿ ಐತೇನು?" ಎಂದರು. ಎಲ್ಲರೂ ನಕ್ಕರು. ಫಕೀರವ್ವ ನಗಲಿಲ್ಲ.

ದಾರ ಬಂತು. ಕಣ್ಣೊಪ್ಪಿಗೆಯ ದಿನವೂ ಬಂತು. ಹೊಸ ಕಣ್ಣಿಗೆ ಯಾವುದು ಸರಿ, ಯಾವುದು ತಪ್ಪು ಎಂದು ತೋರಿಸಿ ಕಲಿಸಬೇಕಷ್ಟೆ. ಅದನ್ನು ಆ ಜಾಗ ಬಿಟ್ಟು ಹೋಗುವವರೇ ಮಾಡಬೇಕು, ಅದಕ್ಕೆ ಕಣ್ಣೊಪ್ಪಿಗೆ ಅನ್ನುತ್ತೇವೆ. ಅವಳು ಖಾಲಿ ಪಟ್ಟಿ ತೋರಿಸಿದಳು, ಮಲಗಿದ ರೊಟ್ಟಿ ತೋರಿಸಿದಳು, ಮಡಚಿದ್ದನ್ನು ತೋರಿಸಿದಳು. ನಾನು ಪೆಟ್ಟಿಗೆಯ ಗುಂಡಿ ಒತ್ತಿದೆ. ಮುಗಿಯಿತೆಂದು ಎಲ್ಲರೂ ಹೊರಟಾಗ ಅವಳು ತಡೆದಳು.

"ನಿಂದರ್ರಿ. ಉಬ್ಬಿದ ರೊಟ್ಟಿನೂ ಬೆಳಕ ತಡೀತೈತಿ. ಹಿಂಗ ಬಿಟ್ರ ಈ ಕಣ್ಣು ಗಳಿಗ್ಗೊಮ್ಮೆ ಪಟ್ಟಿ ನಿಂದರಸತೈತಿ. ಉಬ್ಬಿದ್ದು ಬ್ಯಾರೆ, ಸಿಕ್ಕಿದ್ದು ಬ್ಯಾರೆ. ಉಬ್ಬಿದ್ದು ಹೋಗತೈತಿ, ಸಿಕ್ಕಿದ್ದು ಕುಂದರತೈತಿ. ಒಂದೀಟು ತಡದು ನೋಡಂತ ಕಲಸು ಅದಕ್ಕ."

ಅವಳು ಸುಮ್ಮನಿದ್ದರೆ ಸಾಕಿತ್ತು. ಕಣ್ಣು ಕೆಲಸಕ್ಕೆ ಬಾರದ್ದೆಂದು ನಾವೇ ಕಿತ್ತುಹಾಕಿ ಅವಳನ್ನು ಕರೆಯುತ್ತಿದ್ದೆವು. ಅವಳಿಗೂ ಅದು ಗೊತ್ತಿತ್ತು. ನಾನು ಪೆಟ್ಟಿಗೆಯಲ್ಲಿ ಸ್ವಲ್ಪ ತಡ ಸೇರಿಸಿದೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡು, "ಕೈ ಚಲೋ ಐತಿ ನಿಂದು. ಮಾರಿ ಎತ್ತಿ ನೋಡೂದೊಂದ ಕಲೀಲಿಲ್ಲ" ಎಂದು ನಡೆದಳು.

ಅವಳು ಈಗ ಸಭೆಗೆ ಬರುತ್ತಾಳೆ, ಹಿಂದೆ ಗೋಡೆಗೆ ಆತು ಕುಳಿತುಕೊಳ್ಳುತ್ತಾಳೆ. ಕಳೆದ ಸಭೆಯಲ್ಲಿ ನೀರಿನ ಪಾಳಿಯ ಮಾತು ಬಂದಾಗ ರೂಢಿಯಂತೆ ಎದ್ದು ನಿಂತಳು, ನೆನಪಾಗಿ ಕುಳಿತಳು. ಪಾಳಿ ಸರಿಹೋಗಲಿಲ್ಲ. ಮಾತಿನ ಹಕ್ಕಿರುವ ನಾನು ಅಲ್ಲೇ ತಲೆ ತಗ್ಗಿಸಿ ಕುಳಿತಿದ್ದೆ. ಕಣ್ಣು ಚೆನ್ನಾಗಿ ಕೆಲಸ ಮಾಡುತ್ತಿದೆ, ಬೆಂಕಿ ಹತ್ತಿಲ್ಲ. ಎಲ್ಲರೂ ನನ್ನನ್ನು ಹೊಗಳುತ್ತಾರೆ. ಹೊಗಳಿದಾಗಲೆಲ್ಲ ನನಗೆ ಊಟ ಸೇರುವುದಿಲ್ಲ.

ಅಣ್ಣನವರೇ, ಅಕ್ಕನವರೇ, ನೀವು ಆರಿಸುವಾಗ ಬಿಸಿ ಎಷ್ಟು, ಧೂಳು ಎಷ್ಟು, ದಾರ ಎಲ್ಲಿ ಬಾಗಬೇಕು ಎಂದು ನೋಡುತ್ತೀರಿ. ನೋಡಲೇಬೇಕು. ಆ ಜಾಗದಲ್ಲಿ ಇಲ್ಲಿಯವರೆಗೆ ಯಾರ ಕಣ್ಣಿತ್ತು ಎಂದೂ ನೋಡಿ. ಅವರನ್ನು ಬಿಸಿಯಿಂದ ಈಚೆಗೆ ಕರೆಯಿರಿ, ಮಾತಿನಿಂದ ಹೊರಗೆ ಕಳಿಸಬೇಡಿ. ಕೆಲಸ ಹೋದವರ ಮಾತೂ ಹೋಗುವ ರೂಢಿ ನಿಮ್ಮಲ್ಲಿ ಇನ್ನೂ ಎಳೆಯದಾಗಿರಬಹುದು. ನಮ್ಮಲ್ಲಿ ಅದು ಕಲ್ಲಾಗಿ ಕುಳಿತಿದೆ.

ಇವತ್ತು ಸಂಜೆ ಮತ್ತೆ ಸಭೆ ಇದೆ. ಚಿಗವ್ವನ ಮಾತಿನ ಹಕ್ಕು ಅವಳಿಗೇ ಉಳಿಯಬೇಕೆಂದು ನಾನು ಎದ್ದು ಕೇಳಬೇಕು. ಸಭೆಯಲ್ಲಿ ನಾನು ಇದುವರೆಗೆ ಒಂದು ಮಾತೂ ಆಡಿದವಳಲ್ಲ. ಅದಕ್ಕೂ ಮೊದಲು ಅವಳ ಮನೆಗೆ ಹೋಗಬೇಕು. ದಾರದ ವಿಷಯದಲ್ಲಿ ನಾನು ಕ್ಷಮೆ ಕೇಳುವುದಿಲ್ಲ, ಇನ್ನೊಮ್ಮೆ ಆರಿಸೆಂದರೂ ಗಾಜಿನದನ್ನೇ ಆರಿಸುತ್ತೇನೆ. ಆ ದಿನ ಅವಳಿಗೆ ತಲೆ ಆಡಿಸಿದ್ದಕ್ಕೆ ಕೇಳಬೇಕು. ಅವಳು ಬೈದರೆ ಬೈಯಲಿ, ಅವಳ ಮಾತು ಕೇಳಿ ಬಹಳ ದಿನವಾಯಿತು.

ನಿಮಗಿಂತ ಬಹಳ ಮುಂದೆ ಇರುವ,
ಕಸ್ತೂರಿ