ಸೋಫಾದಲ್ಲಿ ಮಲಗಿದವನ ತೆರಿಗೆ

ಶೆಬಾಯ್ಗನ್, ವಿಸ್ಕಾನ್ಸಿನ್
ಮಾರ್ಚ್ ೨೧

ಕಾಗದದ ಮೇಲೆ ಮಾತ್ರ ಗಂಡನಾಗಿ ಉಳಿದಿರುವ ವೆಂಡೆಲ್‌ಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ನೀನು ಕ್ಷೇಮವಾಗಿಯೇ ಇರುತ್ತೀಯ. ಕ್ಷಾಮವೇನಿದ್ದರೂ ನಿನ್ನ ಸುತ್ತಲಿನವರಿಗೆ.

ಛಾವಣಿ ಸೋರುತ್ತಿದೆ, ಈಸ್ಟರ್ ಮುಗಿಯುವ ತನಕ ಸೋಫಾ ಕೊಡು ಎಂದು ಬರೆದಿದ್ದೀಯ. ಕೊಡುವುದಿಲ್ಲ. ಕಾರಣ ಓದು.

ನನ್ನ ಬೇಕರಿ ಕೆಲಸಕ್ಕೆ ಪಿಂಚಣಿಯೂ ಇಲ್ಲ, ಮಣ್ಣೂ ಇಲ್ಲ. ಅದಕ್ಕೇ ನಾವು ಬೇರೆಯಾದಂದಿನಿಂದ ಸಂಬಳದಲ್ಲಿ ಅಷ್ಟಿಷ್ಟು ತೆಗೆದು ಐಆರ್‌ಎ ಎಂಬ ಮುಪ್ಪಿನ ಖಾತೆಗೆ ಹಾಕುತ್ತಿದ್ದೇನೆ. ಹಾಕಿದ್ದನ್ನು ಆ ವರ್ಷದ ಆದಾಯದಿಂದ ಕಳೆದು, ಉಳಿದದ್ದಕ್ಕೆ ತೆರಿಗೆ ಕಟ್ಟಿದರೆ ಸಾಕು. ಹಾಗೆ ಉಳಿಯುವ ದುಡ್ಡಿನಲ್ಲಿ ಈ ಸಲ ನನ್ನ ಮುಂದಿನ ಎರಡು ಹಲ್ಲು ಕಟ್ಟಿಸಬೇಕಿತ್ತು.

ಮೊನ್ನೆ ಲೈಬ್ರರಿಯಲ್ಲಿ ಪುಕ್ಕಟೆಯಾಗಿ ತೆರಿಗೆ ಬರೆದುಕೊಡುವ ಗ್ರೇಟಾ ಟಿಲ್ಮನ್ ಮುಂದೆ ಕುಳಿತೆ. ಚರ್ಚಿನಲ್ಲಿ ಆರ್ಗನ್ ನುಡಿಸುವಾಕೆ, ನಿನಗೆ ಗೊತ್ತು.

"ಕೆಲಸದ ಕಡೆಯಿಂದ ನಿಮಗೆ ನಿವೃತ್ತಿ ಯೋಜನೆ ಇದೆಯೇನ್ರೀ?" ಅಂದಳು. ಇಲ್ಲ ಅಂದೆ.

"ನಿಮ್ಮ ಯಜಮಾನರಿಗೆ?"

"ಪೈಪ್ ಫ್ಯಾಕ್ಟರಿಯಲ್ಲಿ ಇದೆ. ಅವನ ಯೋಜನೆ ಕಟ್ಕೊಂಡು ನನಗೇನ್ರೀ?"

"ವರ್ಷ ಪೂರ್ತಿ ಬೇರೆ ಇದ್ರೆ ಅದು ನಿಮಗೆ ಅಂಟಲ್ಲ. ನಡುವೆ ನಾಲ್ಕು ದಿನ ಒಟ್ಟಿಗೆ ಇದ್ರೂ ಅಂಟುತ್ತೆ. ನೀವಿಬ್ರೂ ತೆರಿಗೆ ಬೇರೆ ಬೇರೆ ಫೈಲ್ ಮಾಡೋರು. ಅಂಟಿದ ಮೇಲೆ, ನಿಮ್ಮಷ್ಟು ಸಂಬಳ ಇರೋರು ಖಾತೆಗೆ ಹಾಕಿದ್ರಲ್ಲಿ ಒಂದು ಡಾಲರೂ ಕಳೆಯೋಕಾಗಲ್ಲ."

ಅಂಟಿತು. ಹೋದ ವರ್ಷ ಫೆಬ್ರವರಿಯಲ್ಲಿ ಹೀಟರ್ ಕೆಟ್ಟಿತೆಂದು ಬಂದು ಬಿದ್ದುಕೊಂಡೆಯಲ್ಲ, ಅದೇ ಅಂಟು. ಸೂಪಿನ ಡಬ್ಬಿಗೆ ನೀನು ತಂಬಾಕು ಉಗುಳಿ ಕಿಟಕಿಯಲ್ಲಿಟ್ಟೆ. ಚೀಸ್ ತಟ್ಟೆಯ ಪಕ್ಕದಲ್ಲೇ ಕಾಲುಗುರು ಕತ್ತರಿಸಿದೆ. ಅದರದೊಂದು ಚೂರು ಮೊನ್ನೆ ಕಾರ್ಪೆಟ್ಟಿನಿಂದ ಎದ್ದು ನನ್ನ ಪಾದಕ್ಕೆ ಚುಚ್ಚಿತು. ಮನೆಯಲ್ಲಿದ್ದಾಗ ಗಂಡ, ಮನೆ ಬಿಟ್ಟ ಮೇಲೆ ದಂಡ.

ಇದನ್ನು ಹೇಳಲು ಫೋನ್ ಮಾಡಿದರೆ ನೀನು ನಕ್ಕದ್ದು ಬೇರೆ. "ಆ ಯೋಜನೆಗೆ ನಾನೊಂದು ಡಾಲರೂ ಹಾಕಿಲ್ಲ ಕಣೇ ನೆಟ್ಟಿ, ಎಲ್ಲಾ ಕಂಪನಿದೇ. ಅದ್ಹೇಗೆ ಲೆಕ್ಕಕ್ಕೆ ಬರುತ್ತೆ?" ಬರುತ್ತದಂತೆ. ಕಂಪನಿ ಹಾಕಿದರೂ ಸಾಕಂತೆ. ಬೆರಳೆತ್ತದೆಯೇ ನನಗೆ ನಷ್ಟ ಮಾಡುವ ನಿನ್ನ ಪ್ರತಿಭೆ ಹೊಸದೇನಲ್ಲ.

ಗ್ರೇಟಾ ಒಂದು ದಾರಿಯನ್ನೂ ತೋರಿಸಿದಳು. ಗಂಡ ಹೆಂಡತಿ ಸೇರಿ ಒಂದೇ ಫೈಲ್ ಮಾಡಿದರೆ, ನಮ್ಮಿಬ್ಬರ ಆದಾಯ ಇಷ್ಟೇ ಆದ್ದರಿಂದ, ನಾನು ಹಾಕಿದ್ದನ್ನೆಲ್ಲ ಕಳೆಯಬಹುದಂತೆ. ಇದನ್ನು ಕೇಳಿದ್ದೇ ತಡ ನೀನು, "ಹಾಗಾದ್ರೆ ತಾಳು, ಪೆನ್ನೂ ತರ್ತೀನಿ, ಬ್ಯಾಗೂ ತರ್ತೀನಿ" ಅಂದೆ. ನಿನ್ನ ಜೊತೆ ಸಹಿ ಹಾಕಿದರೆ ನೀನು ಗುಟ್ಟಾಗಿ ಮಾರುವ ಹಳೆಯ ಸ್ನೋಮೊಬೈಲು ಗಾಡಿಗಳ ತೆರಿಗೆಗೂ ನಾನೇ ಹೊಣೆ. ಬೇಡ. ಹಲ್ಲಿಲ್ಲದೆ ನಗಬಲ್ಲೆ, ನಿನ್ನ ಹೆಸರಿನ ಪಕ್ಕ ಸಹಿ ಹಾಕಿ ನಗಲಾರೆ. ಪೂರ್ತಿ ತೆರಿಗೆ ಒಬ್ಬಳೇ ಕಟ್ಟಿದ್ದೇನೆ.

ಈ ವರ್ಷವಾದರೂ ಹೊಸ್ತಿಲು ತುಳಿಯಬೇಡ. ಈಸ್ಟರ್ ದಿನ ಹಸಿವಾದರೆ ಹೊರಗಿನ ಮೆಟ್ಟಿಲ ಮೇಲೆ ಕೂರು. ಹ್ಯಾಮ್ ತಟ್ಟೆ ಕಿಟಕಿಯಿಂದ ಬರುತ್ತದೆ. ತಿನ್ನು, ಏಳು, ನಡೆ.

ನಿನ್ನ ಮನೆತನದ ಹೆಸರನ್ನು ಇನ್ನೂ ಹೊತ್ತು ತಿರುಗುತ್ತಿರುವ,
ನೆಟ್ಟಿ ಹಾಫ್ನರ್

ಬರೆಯದೆ ಬಿಟ್ಟಿದ್ದು: ಗ್ರೇಟಾ ಕನ್ನಡಕ ತೆಗೆದು ಮೆಲ್ಲಗೆ ಕೇಳಿದ್ದಳು. "ಅವರು ನೆಂಟರ ಹಾಗೆ ಬಂದು ಹೋದ್ರಾ, ಇಲ್ಲ ಮನೇಲೇ ಇದ್ರಾ? ಯೋಚನೆ ಮಾಡಿ ಹೇಳಿ. ಬರೀ ನೆಂಟರಾದ್ರೆ ಬೇರೆ ಮಾತು." ನನ್ನ ಎರಡು ಹಲ್ಲು ಆ ಒಂದು ಮಾತಿನ ಮೇಲೆ ನಿಂತಿದ್ದವು. ನೆಂಟ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆಗ, ನೀನು ಬೆಳಿಗ್ಗೆ ಎದ್ದು ನನ್ನ ಕಾರಿನ ಗಾಜಿನ ಮೇಲಿನ ಹಿಮ ಕೆರೆದು, ಇಂಜಿನ್ ಬಿಸಿ ಮಾಡಿಟ್ಟಿರುತ್ತಿದ್ದೆಯಲ್ಲ, ಅದು ಯಾಕೋ ನೆನಪಾಯಿತು. ನನ್ನನ್ನು ಒಂದು ಮಾತೂ ಕೇಳದೆ ನನ್ನ ಬಾಯಿ, "ಇದ್ದ ರೀ. ಮನೆಯವನ ಹಾಗೇ ಇದ್ದ" ಅಂದುಬಿಟ್ಟಿತು. ಥೂ! ನಿನಗಲ್ಲ, ನನ್ನ ಬಾಯಿಗೆ.