ಗಾಳಿ ಬಿಡಿಸುವವರು

ದೋಣಿಯೊಳಗಿನಿಂದ,
ಗುರುವಾರ, ಬೆಳಗಿನ ಹತ್ತು ಗಂಟೆ

ನಮ್ಮನೆಯವರಿಗೆ,

ಮೂವತ್ತೊಂದು ವರ್ಷ ನಿಮ್ಮನ್ನು ರೀ ಅಂತ ಕೂಗಿಯೇ ಬದುಕಿದವಳಿಗೆ ಕಾಗದದ ಮೇಲೆ ಏನಂತ ಕರೆಯಬೇಕೋ ತೋಚಲಿಲ್ಲ. ರೀ ಅಂತಲೇ ಬರೆದು ನೋಡಿದೆ, ಜಗಳಕ್ಕೆ ಕರೆದ ಹಾಗಿತ್ತು. ಹೊಡೆದುಹಾಕಿದೆ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ, ಎತ್ತಿದರೂ ನಿಮ್ಮ ತಂಗಿಯ ಕೈಗೆ ಕೊಟ್ಟು ಎದ್ದುಹೋಗುತ್ತೀರಿ. ಕಾಗದವನ್ನಾದರೂ ಅವಳ ಕೈಗೆ ಕೊಡಬೇಡಿ. ಇದು ನಿಮಗೇ.

ಮೊದಲು ಕೆಲಸದ ಮಾತು. ಎಂಜಿನ್ ಶುರುವಾಗುತ್ತಿಲ್ಲ. ಭಾನುವಾರ ಬೆಳಿಗ್ಗೆ ದೋಣಿ ನೋಡಲು ಗಂಡ ಹೆಂಡತಿ ಇಬ್ಬರು ಬರುತ್ತಾರೆ, ಇಬ್ಬರೂ ಶಾಲೆಯಲ್ಲಿ ಪಾಠ ಹೇಳುವವರು. ಹಿಡಿಸಿದರೆ ಅಂದೇ ಮಾತು ಮುಗಿಸುವ ಹಾಗಿದ್ದಾರೆ. ಆದರೆ ಸತ್ತ ಎಂಜಿನ್ನಿನ ದೋಣಿಯನ್ನು ಯಾರು ಕೊಳ್ಳುತ್ತಾರೆ? ನೀವು ಶನಿವಾರದ ಬಸ್ಸಿಗೆ ಬಂದು ಒಂದು ಸಲ ನೋಡಿಬಿಟ್ಟರೆ ಈ ಗುಜರಿ ನಮ್ಮ ತಲೆಯಿಂದ ಇಳಿಯುತ್ತದೆ. ಗುಜರಿ ಅನ್ನೋದು ನಿಮ್ಮದೇ ಮಾತು, ನಾನು ಮರೆತಿಲ್ಲ.

ಕೆಡಿಸಿದ್ದು ನಾನೇ. ಡೀಸೆಲ್ ಪೈಪು ಸೇರುವ ಕಡೆ ಒಂದೊಂದೇ ಹನಿ ತೊಟ್ಟಿಕ್ಕುತ್ತಿತ್ತು. ದರ್ಜಿಯ ಕಣ್ಣಿಗೆ ಏನು ಬಿಟ್ಟುಕೊಂಡಿದ್ದರೂ ಹೊಲಿಯಬೇಕು ಅನ್ನಿಸುತ್ತದಲ್ಲ! ಹಾಯಿ ಹೊಲಿಯುವ ಮೇಣದ ದಾರ ತೆಗೆದುಕೊಂಡು ಹದಿನೈದು ಸುತ್ತು ಬಿಗಿಯಾಗಿ ಸುತ್ತಿ, ಗಂಟು ಹಾಕಿ, ಹಲ್ಲಲ್ಲಿ ಕಚ್ಚಿ ತುಂಡು ಮಾಡಿದೆ. ನೋಡಲು ಎಷ್ಟು ಚೆಂದ ಇತ್ತು ಅಂತೀರಿ! ಹನಿ ಬೀಳುವುದೂ ನಿಂತಿತು. ಮಾರನೇ ದಿನ ಎಂಜಿನ್ ಎರಡು ಸಲ ಕೆಮ್ಮಿ ತಣ್ಣಗಾಯಿತು. ಡೀಸೆಲ್ಲನ್ನು ತಡೆದ ನನ್ನ ದಾರ ಗಾಳಿಯನ್ನು ತಡೆದಿರಲಿಲ್ಲ. ಅದು ಸಂದಿಯಲ್ಲಿ ನುಸುಳಿ ಒಳಗೆ ಹೋಗಿ ಕೂತಿತ್ತು.

ಮದುವೆಯಾದ ಹೊಸತರಲ್ಲಿ ವರ್ಕ್‌ಶಾಪಿನಲ್ಲಿ ಒಮ್ಮೆ ಹೇಳಿದ್ದಿರಿ, ಡೀಸೆಲ್ ಎಂಜಿನ್ನಿಗೆ ಗಾಳಿ ಸೇರಿಕೊಂಡರೆ ಅದು ಏಳುವುದಿಲ್ಲ ಅಂತ. ಆಗ ನಾನು ಪೆದ್ದಿ, ಅಯ್ಯೋ, ಗಾಳಿ ಬಿಡಿಸುವವರನ್ನು ಎಲ್ಲಿಂದ ಕರೆಸುತ್ತೀರಿ ಅಂತ ಕೇಳಿದ್ದೆ. ಎಂಜಿನ್ನಿಗೆ ದೆವ್ವ ಹಿಡಿದಿದೆ ಅಂದುಕೊಂಡಿದ್ದೆ ನೋಡಿ! ವರ್ಕ್‌ಶಾಪಿಗೆ ವರ್ಕ್‌ಶಾಪೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನೀವೊಬ್ಬರು ನಗಲಿಲ್ಲ. ಆ ಗಾಳಿ ಬಿಡಿಸುವವನು ನಾನೇ ಕಣೇ ಅಂತ ಹೇಳಿ, ನನ್ನ ಹೆಬ್ಬೆರಳು ಹಿಡಿದು ಆ ಪುಟ್ಟ ಪಂಪಿನ ಮೇಲೆ ಇಟ್ಟಿರಿ. ಗುಳ್ಳೆ ನಿಲ್ಲುವವರೆಗೂ ಒತ್ತುತ್ತಲೇ ಇರಬೇಕು ಅಂದಿರಿ. ಆವತ್ತೇ ನಾನು ನಿಮಗೆ ಸೋತದ್ದು. ಇದನ್ನು ನಿಮಗೆ ಯಾವತ್ತೂ ಹೇಳಿರಲಿಲ್ಲ.

ದೋಣಿಯ ಸಮಾಚಾರ ಕೇಳಿ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು ಹಳೇ ಹಾಯಿದೋಣಿ ಕೊಂಡು ನೋಡಿರಲಿಲ್ಲ. ಒಂದು ಕಿಟಕಿಯ ರಬ್ಬರ್ ಬದಲಾಯಿಸಿದರೆ ಪಕ್ಕದ ಕಿಟಕಿ ಸೋರಲು ಶುರು ಮಾಡುತ್ತದೆ. ಹಾಯಿಕಂಬದ ಬುಡದಲ್ಲಿ ಹಲಗೆ ಮೆತ್ತಗಾಗಿ ಕಾಲು ಹೂತುಹೋಗುತ್ತಿತ್ತಲ್ಲ, ಅದನ್ನು ಕೀಳಿಸಿ ಹೊಸದು ಹಾಕಿಸಿದೆ. ಅಡಿಗೆಯ ಒಲೆಯನ್ನು ನೀವು ನೋಡಲೇ ಇಲ್ಲ. ದೋಣಿ ಎತ್ತ ವಾಲಿದರೂ ಅದು ತೂಗಾಡಿಕೊಂಡು ನೆಟ್ಟಗೇ ಇರುತ್ತದೆ, ಚಹಾ ಒಂದು ತೊಟ್ಟೂ ಚೆಲ್ಲುವುದಿಲ್ಲ. ಮಲಗುವ ಹಲಗೆಗಳಿಗೆಲ್ಲ ಹೊಸ ಮೆತ್ತೆ ಹೊಲಿದೆ, ಬಸ್ಸಿನ ಸೀಟಿಗೆ ತಂದು ಉಳಿದಿದ್ದ ನೀಲಿ ರೆಕ್ಸಿನ್ನಿನಲ್ಲಿ. ಎಂಜಿನ್ ಗೂಡಿನ ಅಂಚಿಗೂ ಗೇಣುದ್ದದ ಒಂದು ಮೆತ್ತೆ ಹೊಲಿದು ಕೂರಿಸಿದ್ದೇನೆ. ಬಂದರಿನ ಕಾವಲುಗಾರ ಅದನ್ನು ನೋಡಿ, ಬೆಕ್ಕು ಸಾಕುತ್ತಿದ್ದೀರಾ ಅಂತ ಕೇಳಿದ. ಹೂಂ ಅಂದುಬಿಟ್ಟೆ.

ನಿಮ್ಮನ್ನು ಒಂದು ಮಾತೂ ಕೇಳದೆ ಇದನ್ನು ಯಾಕೆ ತೆಗೆದುಕೊಂಡೆ ಅಂತ ಎಂಟು ತಿಂಗಳಿಂದ ನನ್ನನ್ನೇ ಕೇಳಿಕೊಂಡಿದ್ದೇನೆ. ಹಲ್ಲಿನ ಡಾಕ್ಟರರಿಗೆ ವಯಸ್ಸಾಗಿ ತಮ್ಮ ಈ ದೋಣಿ ಹತ್ತಲು ಆಗುತ್ತಿರಲಿಲ್ಲ. ಹಾಯಿ ರಿಪೇರಿ ಮಾಡಿಕೊಡಿ, ಮಾರಿಬಿಡುತ್ತೇನೆ ಅಂತ ನನ್ನನ್ನು ಕರೆಸಿದ್ದರು. ಹಾಯಿ ಬಿಡಿಸಿ ನೋಡಿದರೆ ಬಟ್ಟೆ ಗಟ್ಟಿಯಾಗಿತ್ತು, ಬಿಸಿಲಿಗೆ ದಾರ ಮಾತ್ರ ಪುಡಿಯಾಗಿತ್ತು. ಇಷ್ಟಕ್ಕೇ ಇದನ್ನು ಮೂಲೆಗೆ ಹಾಕುತ್ತಾರಾ ಅಂತ ಸಿಟ್ಟು ಬಂತು. ಮೂವತ್ತು ವರ್ಷ ಬಸ್ಸಿನಲ್ಲಿ ಊರೂರು ಸುತ್ತುವವರ ಕುಂಡಿಯ ಕೆಳಗೆ ನನ್ನ ಹೊಲಿಗೆ ಸುತ್ತಿ ಬಂದಿದೆ, ನಾನು ಮಾತ್ರ ಮೆಷಿನ್ನಿನ ಮುಂದೆ ಕೂತಲ್ಲೇ ಕೂತೆ. ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ತೂರಿಕೊಂಡೆ. ನಿಮ್ಮನ್ನು ಕೇಳಿದರೆ ಬೇಡ ಅನ್ನುತ್ತೀರಿ ಅಂತ ಕೇಳಲಿಲ್ಲ. ನಿಜ ಇಷ್ಟೇ.

ಇನ್ನು ಆ ದಿನದ ಮಾತು. ಎರಡು ಪುಟ ಸುತ್ತಿ ಬಳಸಿ ಬಂದರೂ ಅದನ್ನು ಬರೆಯದೆ ಈ ಕಾಗದ ಮುಗಿಯುವುದಿಲ್ಲ. ನೀವು ಎಂಜಿನ್ ನೋಡಿ ಗುಜರಿ ಅಂದಿರಿ. ನನಗೆ ಮೈಯೆಲ್ಲ ಉರಿಯಿತು. ಡಾಕ್ಟರರ ಎದುರಿಗೆ, ನಿಮ್ಮ ವರ್ಕ್‌ಶಾಪಿನ ಇಬ್ಬರ ಎದುರಿಗೆ, ನಡುಗುವ ಕೈ ಇಟ್ಟುಕೊಂಡು ನನ್ನ ದೋಣಿಗೆ ಹೆಸರಿಡಬೇಡಿ ಅಂದೆ. ನೀವು ಸ್ಪ್ಯಾನರನ್ನು ಮೆಲ್ಲಗೆ ಕೆಳಗಿಟ್ಟಿರಿ. ಕೈ ತೊಳೆದುಕೊಂಡು ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡು ಹೊರಟವರು ತಂಗಿಯ ಮನೆ ಸೇರಿದಿರಿ. ಕೈ ನಡುಗುವುದು ಯಾರಿಗೂ ಗೊತ್ತಿಲ್ಲ ಅಂತ ನೀವು ತಿಳಿದಿದ್ದಿರಿ ಅನ್ನುವುದು ನನಗೆ ಗೊತ್ತಿತ್ತು ಕಣ್ರೀ. ನೀವು ಅಂಗಿಯ ಗುಂಡಿ ಹಾಕಿಕೊಳ್ಳುವಾಗ ನಾನು ಬೇಕೆಂದೇ ಆಚೆ ಹೋಗುತ್ತಿದ್ದೆ. ಒಂದೂವರೆ ವರ್ಷ ಬಾಯಿ ಬಿಡದೆ ಕಾದುಕೊಂಡು ಬಂದದ್ದನ್ನು ಒಂದು ದೋಣಿಗೋಸ್ಕರ ನಾಲ್ಕು ಜನರ ಮುಂದೆ ಬೀಸಾಡಿಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನದು ತಪ್ಪಾಯಿತು. ನಾಚಿಕೆಯೂ ಆಗಿದೆ.

ನೀವು ಈಗ ಲೋಟಕ್ಕೆ ಅರ್ಧ ಮಾತ್ರ ಚಹಾ ಹಾಕು ಅನ್ನುತ್ತೀರಂತೆ. ನಾದಿನಿ ಹೇಳಿದಳು, ಅಣ್ಣ ಊಟ ತಿಂಡಿ ಕಡಿಮೆ ಮಾಡಿದ್ದಾನೆ ಅಂತ ಅವಳ ದೂರು. ಅದು ಯಾಕೆ ಅಂತ ನನಗೆ ಗೊತ್ತಾಯಿತು, ಅವಳಿಗೆ ನಾನು ಹೇಳಲಿಲ್ಲ. ಆವತ್ತು ಅಡಿಗೆಮನೆಯಲ್ಲಿ ನಿಂತು ಚೆನ್ನಾಗಿ ಅತ್ತೆ.

ಎಂಜಿನ್ನಿನ ಗಾಳಿ ಬಿಡಿಸಲು ಗಟ್ಟಿ ಕೈ ಏನೂ ಬೇಡ, ಒಳ್ಳೆಯ ಕಿವಿ ಬೇಕು ಅಂತ ನೀವೇ ಹೇಳುತ್ತಿದ್ದಿರಿ. ಆ ಕಿವಿ ಈ ಬಂದರಿನಲ್ಲಿ ಇನ್ನೊಬ್ಬರಿಗಿಲ್ಲ. ಶನಿವಾರದ ಬಸ್ಸಿಗೆ ಬನ್ನಿ. ಬಂದು ಎಂಜಿನ್ ಎಬ್ಬಿಸಿ, ದೋಣಿ ಮಾರಿಬಿಡೋಣ. ಆಮೇಲೆ ಇರುವುದೋ ಹೋಗುವುದೋ ನಿಮಗೆ ಬಿಟ್ಟದ್ದು. ಮನೆಯ ಬೀಗದ ಕೈ ಹಳೇ ಜಾಗದಲ್ಲೇ ಇದೆ.

ಏ ಇವಳೇ ಅಂತ ನೀವು ಕೂಗುತ್ತಿದ್ದ,
ಇವಳು

ಮರೆತದ್ದು: ಶುಕ್ರವಾರ ಮಧ್ಯಾಹ್ನ ಇದನ್ನು ಬರೆಯುತ್ತಿದ್ದೇನೆ. ಕಾಗದ ಹಿಡಿದುಕೊಂಡು ಅಂಚೆ ಡಬ್ಬಿಯವರೆಗೂ ಹೋಗಿ ವಾಪಸ್ ಬಂದೆ. ಇದರಲ್ಲಿ ಎರಡು ಸುಳ್ಳಿದೆ. ಎಂಜಿನ್ ಎದ್ದು ಹನ್ನೆರಡು ದಿನ ಆಯಿತು. ದಾರ ಬಿಚ್ಚಿ ಎಸೆದು, ತಾಮ್ರದ ವಾಷರ್ ಹಾಕಿ, ಗುಳ್ಳೆ ನಿಲ್ಲುವವರೆಗೂ ನಾನೇ ಒತ್ತಿದೆ. ಹೆಬ್ಬೆರಳು ಊದಿಕೊಂಡಿತು, ಅಷ್ಟೇ. ಭಾನುವಾರ ಯಾರೂ ಬರುವುದಿಲ್ಲ. ಆ ಗಂಡ ಹೆಂಡತಿ ಕೇಳಿದ್ದು ನಿಜ, ಕೊಡುವುದಿಲ್ಲ ಅಂತ ಹೇಳಿ ಕಳಿಸಿದ್ದೂ ನಿಜ. ದೋಣಿ ನಾನು ಮಾರುವುದಿಲ್ಲ, ನೀವು ಬಂದರೂ ಮಾರುವುದಿಲ್ಲ. ಇಷ್ಟೆಲ್ಲ ತಿಳಿದ ಮೇಲೂ ಬರುವುದಾದರೆ ಬನ್ನಿ, ಕಾಗದ ತಲುಪುವಷ್ಟರಲ್ಲಿ ಈ ಶನಿವಾರ ಕಳೆದಿದ್ದರೆ ಮುಂದಿನ ಶನಿವಾರದ ಬಸ್ಸಿಗೆ. ಅಂದ ಹಾಗೆ, ನಾನು ಬೆಕ್ಕು ಸಾಕಿಲ್ಲ. ಎಂಜಿನ್ ಗೂಡಿನ ಪಕ್ಕದ ಆ ಮೆತ್ತೆ ನಿಮ್ಮ ಬಲ ಮೊಣಕೈ ಊರಿಕೊಳ್ಳಲು. ಊರಿಕೊಂಡರೆ ಕೈ ಅಷ್ಟು ನಡುಗುವುದಿಲ್ಲವಂತೆ, ಡಾಕ್ಟರರನ್ನು ಕೇಳಿದೆ. ಅವರು ಹಲ್ಲಿನವರು, ಅವರ ಮಾತು ಎಷ್ಟು ನಿಜವೋ ಗೊತ್ತಿಲ್ಲ. ಅಳತೆಯನ್ನು ನೀವು ಮೊಳೆಗೆ ನೇತುಹಾಕಿ ಹೋದ ಅಂಗಿಯ ತೋಳಿನಿಂದ ತೆಗೆದುಕೊಂಡಿದ್ದೇನೆ. ಸರಿಯಾಗಿದೆಯೋ ಇಲ್ಲವೋ, ನೀವು ಬಂದು ಕೂತರೆ ತಾನೆ ಗೊತ್ತಾಗುವುದು?